ನಾವೂ ಶೇಲ್ ಎಣ್ಣೆ ತೆಗದ್ರ ಸೋಲಾರ್ ಯಾಕ ಬೇಕು?

ಅಮೆರಿಕದಂಗ ನಾವೂ ಶೇಲ್ ಎಣ್ಣೆ (ನೆಲದಾಳದ ಶೇಲ್ ಅನ್ನೋ ಗಟ್ಟಿ ಪದರುಗಲ್ಲಿನಾಗ ಸಿಕ್ಕೊಂಡಿರೋ ಎಣ್ಣೆ) ತೆಗದ್ರ ಮುಗೀತಲ್ಲ, ಸೋಲಾರ್ ಕರೆಂಟ್, ಗಾಳಿ ಕರೆಂಟ್ ಅಂತ ಯಾಕ ರೊಕ್ಕ ಸುರೀತಾರ ಅಂತ ಕೇಳೀರಿ. ನಾ ಎಣ್ಣೆ ಕಂಪನಿಯಾಂವ ಅಲ್ರಿ, ಬಾಗಲಕೋಟಿ ಕಡೆ ಬೋರ್ ಹೊಡಿಯೋ ಧಂದೆದಾಗ ಇರಾಂವ, ನೆಲದಾಗ ತೂತು ಹಾಕೋದು ಅಷ್ಟಿಷ್ಟು ಗೊತ್ತೈತಿ ಅದಕ್ಕ ಬರ್ಯಾಕತ್ತೀನಿ.

ಮೊದಲನೇದು, ಎಣ್ಣೆಗೂ ಸೋಲಾರಿಗೂ ನೇರ ಪೈಪೋಟಿನ ಇಲ್ಲ. ನಮ್ಮ ದೇಶದಾಗ ಎಣ್ಣೆ ಸುಟ್ಟು ಕರೆಂಟ್ ಮಾಡೋದು ಭಾಳ ಕಡಿಮಿ. ನಮ್ಮ ವಿಜಯಪುರ ಜಿಲ್ಲಾದ ಕೂಡಗಿ ಥರ್ಮಲ್ 2400 ಮೆಗಾವ್ಯಾಟ್ ಐತಿ, ಅದು ನಡಿಯೋದು ಕಲ್ಲಿದ್ದಲ ಮ್ಯಾಲ. ಎಣ್ಣೆ ಹೋಗೋದು ಲಾರಿ, ಬೈಕು, ಟ್ರ್ಯಾಕ್ಟರಿಗೆ. ನಾಳೆ ಗುಜರಾತದಾಗ ಶೇಲ್ ಎಣ್ಣೆ ಚಿಮ್ಮಿದ್ರೂ ಕೂಡಗಿ ಹೊಗಿ ಕಡಿಮಿ ಆಗಂಗಿಲ್ಲ.

ಇನ್ನ ಶೇಲ್ ಎಣ್ಣೆ ತಗಿಯೋದು ಹೆಂಗ? ನೀರು ಕಡಿಮಿ ಬಿದ್ದ ಬೋರಿಗೆ ಕೆಲವರು ಹೈಡ್ರೋಫ್ರ್ಯಾಕ್ಚರಿಂಗ್ ಮಾಡಸ್ತಾರಲ್ಲ, ಒಳಗ ಪ್ಯಾಕರ್ ಅನ್ನೋ ಬಿಗಿ ಬಿರಡಿ ಇಳಿಸಿ ಪ್ರೆಷರ್‌ಲೇ ನೀರು ಬಿಟ್ಟು ಕಲ್ಲಿನ ಸೀಳು ಬಿಡಸೋದು, ಅದರ ದೊಡ್ಡಪ್ಪ ಅಂದ್ಕೋರಿ. ಅಮೆರಿಕದ ಟೆಕ್ಸಾಸ್ ಕಡೆ ಪರ್ಮಿಯನ್ ಬೇಸಿನ್ ಅನ್ನೋ ಎಣ್ಣೆ ಸೀಮಿಯಾಗ ಎರಡು ಮೂರು ಕಿಲೋಮೀಟರ್ ಕೆಳಗ ಇಳಿದು, ಅಲ್ಲಿಂದ ಪೈಪ್ ಅಡ್ಡ ತಿರುವಿ ಮತ್ತ ಅಷ್ಟೇ ದೂರ ಕೊರದು, ಕೋಟಿಗಟ್ಟಲೆ ಲೀಟರ್ ನೀರು, ಉಸುಕು, ಕೆಮಿಕಲ್ ಕೂಡಿಸಿ ಒತ್ತತಾರ, ಸೀಳು ಬಿಟ್ಟಲ್ಲಿ ಉಸುಕು ಸಿಕ್ಕೊಂಡು ಮತ್ತ ಮುಚ್ಚದಂಗ ಹಿಡೀತೈತಿ. ಒಂದೊಂದು ಬಾವಿಗೆ ಅಷ್ಟು ನೀರು! ನಮ್ಮಲ್ಲಿ ಬ್ಯಾಸಿಗ್ಯಾಗ ಊರಿಗೆ ಟ್ಯಾಂಕರ್ ಬರೋದು ನೆನಸ್ಕೋರಿ.

ಆ ಬಾವಿ ಬಾಳಿಕಿನೂ ಬರಂಗಿಲ್ಲ. ಮೊದಲನೇ ವರ್ಷದಾಗ ಬರೋ ಎಣ್ಣೆ ಅರ್ಧಕ್ಕಿಂತ ಜಾಸ್ತಿ ಇಳದ ಬಿಡ್ತೈತಿ, ಅದಕ್ಕ ಉತ್ಪಾದನೆ ಇದ್ದಷ್ಟು ಇರಬೇಕಂದ್ರೂ ಹೊಸ ಬಾವಿ ಹೊಡೀತನ ಇರಬೇಕು, ಕೊರಿಯೋ ರಿಗ್ ನಿಂತ್ರ ಎಣ್ಣೆ ನಿಂತಂಗ. ಅಮೆರಿಕ 2008ರಾಗ ದಿನಕ್ಕ 50 ಲಕ್ಷ ಬ್ಯಾರಲ್ ತಗೀತಿತ್ತು, ಶೇಲಿನ ದೆಸೆಯಿಂದ 2024ರಾಗ 1.3 ಕೋಟಿ ದಾಟೈತಿ, ಸುಳ್ಳಲ್ಲ. ಆದ್ರ ಬಾವಿಯಿಂದ ವಾಪಸ್ ಬರೋ ಉಪ್ಪುನೀರು ಮತ್ತ ಭೂಮಿಗೆ ತುಂಬಿ ಅಲ್ಲಿನ ಓಕ್ಲಹೋಮಾ ರಾಜ್ಯದಾಗ ಭೂಕಂಪ ಸಾಲಾಗಿ ಆದ್ವು, 2016ರಾಗ ಪಾನೀ ಅನ್ನೋ ಊರ ಹತ್ರ 5.8 ತೀವ್ರತೆದ್ದು.

ನಮ್ಮ ದೇಶ ಪ್ರಯತ್ನ ಮಾಡಿಲ್ಲ ಅಂತಲ್ಲ. 2011ರಾಗ ಸರ್ಕಾರಿ ಎಣ್ಣೆ ಕಂಪನಿ ಓಎನ್‌ಜಿಸಿ ಪಶ್ಚಿಮ ಬಂಗಾಳದ ದುರ್ಗಾಪುರದ ಹತ್ರ ಶೇಲ್ ಗ್ಯಾಸ್ ಕಂಡಿತ್ತು, 2013ರಾಗ ಸರ್ಕಾರದ ಶೇಲ್ ಪಾಲಿಸಿನೂ ಬಂತು, ಗುಜರಾತದ ಖಂಬಾತ್, ಆಂಧ್ರದ ಕೃಷ್ಣಾ-ಗೋದಾವರಿ ಕಡೆನೂ ಹುಡುಕಿದ್ರು, ವ್ಯಾಪಾರಕ್ಕ ಆಗುವಷ್ಟು ಬರಲಿಲ್ಲ. ಕಲಾದಗಿ ಕಡೆ ಶೇಲ್ ಕಲ್ಲು ಐತಲ್ಲ ಅಂತ ಯಾರರ ಅಂದ್ರ ಆಸೆ ಬ್ಯಾಡ್ರಿ, ಅಲ್ಲಿ ನಡಿಯೋದು ಸಿಮೆಂಟಿನ ಸುಣ್ಣಕಲ್ಲಿನ ವ್ಯವಹಾರ.



ಸೋಲಾರಿನ ಲಾಭ ನನಗ ಕಾಣೋದು ಹೊಲದಾಗ. ರಾತ್ರಿ ತ್ರೀ ಫೇಸ್ ಬಂತಂದ್ರ ಬ್ಯಾಟರಿ ಹಿಡಕೊಂಡು, ಹಾವಿಗೆ ಹೆದರ್ಕೋತ ಸ್ಟಾರ್ಟರ್ ಒತ್ತಾಕ ಹೋಗೋದು ರೈತರ ಪಾಡು. ಕೇಂದ್ರದ ಪಿಎಂ ಕುಸುಮ್ ಯೋಜನೆಯಾಗ ಫೀಡರಿಗೆ (ಪಂಪಿಗೆ ಕರೆಂಟ್ ಕೊಡೋ ಲೈನಿಗೆ) ಸೋಲಾರ್ ಕೂಡಸಿದ್ರ ಹಗಲಿಗೇ ಪಂಪ್ ನಡೀತಾವು. ಹೊತ್ತು ಮುಳಗಿದ ಮ್ಯಾಲ ಏನು ಅನ್ನೋ ಪ್ರಶ್ನೆ ಐತಿ ನೋಡ್ರಿ, ಅದು ಖರೇನ ದೊಡ್ಡದು. ಅದಕ್ಕ ಸವದತ್ತಿ ಹತ್ರ ರೇಣುಕಾಸಾಗರದ ನೀರಿನ ಮ್ಯಾಲ ಪಂಪ್ಡ್ ಸ್ಟೋರೇಜ್ ಯೋಜನೆ ತಗೊಂಡಾರ, ಹಗಲು ಕರೆಂಟಿನಾಗ ನೀರು ಮ್ಯಾಲೆ ಏರಸೋದು, ಸಂಜಿಗೆ ಇಳಿಸಿ ಟರ್ಬೈನ್ ತಿರಗಸೋದು. ರೊಕ್ಕ ಸುರಿಯೋದಾದ್ರ ಇಂಥಾದ್ದಕ್ಕ ಸುರೀಲಿ ಅಂತೀನಿ ನಾ.