ಟೀಬೋನ ಹೆಸರು ದೊಡ್ಡದೋ, ಆಟ ದೊಡ್ಡದೋ: ಭಾವನೊಡನೆ ವಾದಕ್ಕೆ ಕೂರುವ ಮುನ್ನ

ನಿಮ್ಮ ಪ್ರಶ್ನೆಯನ್ನೂ ಅದರ ಕೆಳಗೆ ಬಂದ ಉತ್ತರಗಳನ್ನೂ ಓದಿದೆ. ಜಾಕ್ಸನ್‌ವಿಲ್‌ನಲ್ಲಿರುವ ನಿಮ್ಮ ಭಾವ, ಅಮೆರಿಕನ್ ಫುಟ್‌ಬಾಲ್‌ನಲ್ಲಿ ಟಿಮ್ ಟೀಬೋನಂಥ ಕಾಲೇಜು ಕ್ವಾರ್ಟರ್‌ಬ್ಯಾಕ್ (ಚೆಂಡನ್ನು ಮೊದಲು ಕೈಗೆ ಪಡೆದು ದಾಳಿ ನಡೆಸುವವನು) ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಇಲ್ಲ ಎನ್ನುತ್ತಾರೆ. ಅಲ್ಲಿನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಮೂರೇ ಋತುವಿಗೆ ಗಂಟುಮೂಟೆ ಕಟ್ಟಿದವನಿಗೆ ಇಷ್ಟೊಂದು ಹೆಸರೇಕೆ ಎಂದು ನೀವು ಕೇಳುತ್ತೀರಿ. ದಸರೆಗೆ ಅವರು ಮೈಸೂರಿಗೆ ಬರುವಷ್ಟರಲ್ಲಿ ಒಂದು ಗಟ್ಟಿ ಉತ್ತರ ಬೇಕು ಎಂದಿದ್ದೀರಿ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ. 2008ರ ಆಗಸ್ಟ್‌ನಲ್ಲಿ ನಾನು ಟೀಬೋ ಆಡುತ್ತಿದ್ದ ಫ್ಲಾರಿಡಾ ವಿಶ್ವವಿದ್ಯಾಲಯದ ಊರಾದ ಗೇನ್ಸ್‌ವಿಲ್‌ಗೆ ಎಂ.ಎಸ್. ಓದಲು ಹೋದವನು. ಶನಿವಾರ ಬಂದರೆ ಊರಿಗೆ ಊರೇ ಕಿತ್ತಳೆ ಮತ್ತು ನೀಲಿ ಬಟ್ಟೆ ತೊಟ್ಟು ಕ್ರೀಡಾಂಗಣದತ್ತ ಹೊರಡುತ್ತಿತ್ತು. ಕೋಣೆಯ ಕಿಟಕಿ ಮುಚ್ಚಿದರೂ ಕೇಳಿಸುವ ಆ ಗದ್ದಲ ನನಗೆ ಮೊದಲು ಬರೀ ತಲೆನೋವಾಗಿತ್ತು. ಪ್ರಯೋಗಾಲಯದ ಗೆಳೆಯನೊಬ್ಬ ಬಲವಂತ ಮಾಡಿ ಸೆಪ್ಟೆಂಬರ್ 27ರ ಪಂದ್ಯಕ್ಕೆ ಕರೆದುಕೊಂಡು ಹೋದ. ಎದುರಾಳಿ ಮಿಸಿಸಿಪ್ಪಿ ವಿಶ್ವವಿದ್ಯಾಲಯ, ಅಲ್ಲಿಯವರ ಬಾಯಲ್ಲಿ ಓಲ್ ಮಿಸ್. ಸುಲಭವಾಗಿ ಗೆಲ್ಲುತ್ತೇವೆ ಎಂದು ಎಲ್ಲರೂ ನಂಬಿದ್ದ ಪಂದ್ಯವದು. ಕೊನೆಯ ನಿಮಿಷದಲ್ಲಿ ನಾಲ್ಕನೆಯ ಡೌನ್, ಅಂದರೆ ಹತ್ತು ಗಜ ದಾಟಲು ಸಿಗುವ ನಾಲ್ಕು ಯತ್ನಗಳಲ್ಲಿ ಕೊನೆಯದು; ಬೇಕಾಗಿದ್ದದ್ದು ಒಂದೇ ಗಜ. ಚೆಂಡು ಟೀಬೋನ ಕೈಗೆ ಬಂತು, ಅವನು ನುಗ್ಗಿದ, ಅವರು ತಡೆದರು. 31–30ಕ್ಕೆ ಫ್ಲಾರಿಡಾ ಸೋತಿತು. ಸುಮಾರು ಎಂಬತ್ತೆಂಟು ಸಾವಿರ ಜನ ಹಿಡಿಯುವ ಕ್ರೀಡಾಂಗಣ ಸಾವಿನ ಮನೆಯಂತಾಯಿತು. ನಾನು ಟೀಬೋನನ್ನು ಕಣ್ಣಾರೆ ಕಂಡದ್ದು ಹೀಗೆ, ಅವನು ಸೋತ ದಿನ.

ಆ ಸಂಜೆ ಪತ್ರಕರ್ತರ ಮುಂದೆ ಅವನು ಆಡಿದ ಮಾತು ನಿಮ್ಮ ಭಾವನಿಗೆ ಬಾಯಿಪಾಠವಾಗಿರುತ್ತದೆ. ಈ ಋತುವಿನಲ್ಲಿ ಇನ್ನು ಮುಂದೆ ನನ್ನಷ್ಟು ಕಷ್ಟಪಟ್ಟು ಆಡುವ ಇನ್ನೊಬ್ಬ ಆಟಗಾರನನ್ನು ದೇಶದಲ್ಲೇ ನೀವು ಕಾಣುವುದಿಲ್ಲ ಎಂಬುದು ಅದರ ಸಾರ. ಆಮೇಲೆ ತಂಡ ಸಾಲಾಗಿ ಹತ್ತು ಪಂದ್ಯ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು. ಆ ಮಾತನ್ನು ಫಲಕದಲ್ಲಿ ಕೆತ್ತಿಸಿ ಕ್ರೀಡಾಂಗಣದ ಬಳಿ ನಿಲ್ಲಿಸಿದ್ದಾರೆ. ಭಾವನೊಡನೆ ಈ ಫಲಕದ ಬಗ್ಗೆ ವಾದಕ್ಕೆ ಇಳಿಯಬೇಡಿ, ಅದರಿಂದ ಪ್ರಯೋಜನವಿಲ್ಲ. ಸೋತ ಮೇಲೆ ಪ್ರತಿಜ್ಞೆ ಮಾಡಿದ ಆಟಗಾರರು ಸಾವಿರ ಮಂದಿ ಇದ್ದಾರೆ. ಮುಂದೆ ಗೆದ್ದವನ ಪ್ರತಿಜ್ಞೆಯನ್ನು ಮಾತ್ರ ಹಿತ್ತಾಳೆಯಲ್ಲಿ ಕೆತ್ತಿಸುತ್ತಾರೆ.

ಇನ್ನು ನಿಮ್ಮದೇ ಒಂದು ತಪ್ಪನ್ನು ತಿದ್ದಬೇಕು. ತಂಡ ಚಾಂಪಿಯನ್ ಆದದ್ದರಿಂದ ಅವನಿಗೆ ಹೈಸ್ಮನ್ ಟ್ರೋಫಿ (ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಮತದಿಂದ ಸಿಗುವ ಪ್ರಶಸ್ತಿ) ಸಿಕ್ಕಿತು ಎಂದು ಬರೆದಿದ್ದೀರಿ. ನಡೆದದ್ದು ಇದಕ್ಕೆ ತದ್ವಿರುದ್ಧ. ಹೈಸ್ಮನ್ ಬಂದದ್ದು 2007ರಲ್ಲಿ, ಫ್ಲಾರಿಡಾ ನಾಲ್ಕು ಪಂದ್ಯ ಸೋತ ವರ್ಷ. ಆಗ ಅವನಿನ್ನೂ ಎರಡನೆಯ ವರ್ಷದ ವಿದ್ಯಾರ್ಥಿ. ಅಂಥವನೊಬ್ಬ ಆ ಟ್ರೋಫಿ ಗೆದ್ದದ್ದು ಅದೇ ಮೊದಲು. ಆ ಋತುವಿನಲ್ಲಿ ಪಾಸ್ ಮೂಲಕ 32 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಎಂಡ್‌ಜೋನ್‌ಗೆ, ಅಂದರೆ ಮೈದಾನದ ತುದಿಯ ಪಟ್ಟಿಗೆ, ಮುಟ್ಟಿಸುವುದು), ತಾನೇ ಓಡಿ 23. ಒಂದೇ ಋತುವಿನಲ್ಲಿ ಎರಡು ಬಗೆಯಲ್ಲೂ ಇಪ್ಪತ್ತು ಮುಟ್ಟಿದ ಆಟಗಾರ ಕಾಲೇಜು ಫುಟ್‌ಬಾಲ್‌ನ ಉನ್ನತ ವಿಭಾಗದಲ್ಲಿ ಅದಕ್ಕೆ ಮುಂಚೆ ಇರಲಿಲ್ಲ. ಸೋತ ಪಂದ್ಯಗಳ ಅಂಕಗಳನ್ನು ನೋಡಿ: ಆಬರ್ನ್ ಎದುರು 20–17, ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್) ಎದುರು 28–24, ಜಾರ್ಜಿಯಾ ಎದುರು 42–30, ಕೊನೆಗೆ ಮಿಷಿಗನ್ ಎದುರು 41–35. ಮೂವತ್ತೈದು ಅಂಕ ಗಳಿಸಿಯೂ ಸೋತರೆ ಕ್ವಾರ್ಟರ್‌ಬ್ಯಾಕ್‌ನನ್ನು ಬೈದು ಏನು ಫಲ? ಆ ವರ್ಷದ ರಕ್ಷಣಾ ಪಡೆ ಎಳೆಯರದು, ಸೋರುತ್ತಿತ್ತು. 2008ರಲ್ಲಿ ತಂಡ ಎಲ್ಲರನ್ನೂ ಮಣಿಸುತ್ತಿದ್ದಾಗ ಅವನಿಗೆ ಹೈಸ್ಮನ್‌ನಲ್ಲಿ ಮೂರನೆಯ ಸ್ಥಾನ. ಮೊದಲ ಸ್ಥಾನಕ್ಕೆ ಎಂದು ಬಿದ್ದ ಮತಗಳು ಹೆಚ್ಚು ಬಂದದ್ದು ಅವನಿಗೇ, 309. ಗೆದ್ದ ಸ್ಯಾಮ್ ಬ್ರಾಡ್‌ಫರ್ಡ್‌ಗೆ 300. ಎರಡನೆಯ, ಮೂರನೆಯ ಸ್ಥಾನದ ಮತಗಳನ್ನು ಕೂಡಿಸಿದಾಗ ಲೆಕ್ಕ ತಲೆಕೆಳಗಾಯಿತು. ಹೆಸರಿನ ಅಲೆ ಮೇಲೆ ತೇಲಿ ಟ್ರೋಫಿ ಗಿಟ್ಟಿಸಿದ ಎಂಬ ವಾದ ಇಲ್ಲಿಗೆ ಬಿದ್ದುಹೋಗುತ್ತದೆ.

ಈಗ ಆಟದ ಒಳಗೆ ಬರೋಣ. ಟೀಬೋನ ನಿಜವಾದ ಬೆಲೆ ಅವನ ಛಲದಲ್ಲೂ ಇಲ್ಲ, ಎಸೆತದಲ್ಲೂ ಇಲ್ಲ. ಒಂದು ಕೂಡುವ ಕಳೆಯುವ ಲೆಕ್ಕದಲ್ಲಿದೆ. ಸಾಮಾನ್ಯ ಓಟದ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಡುವುದೇ ಕೆಲಸವಾದ ರನ್ನಿಂಗ್ ಬ್ಯಾಕ್‌ನ ಕೈಗಿಟ್ಟು ಪಕ್ಕಕ್ಕೆ ಸರಿಯುತ್ತಾನೆ. ಚೆಂಡು ಹಿಡಿದವನನ್ನು ಬಿಟ್ಟರೆ ದಾರಿ ಬಿಡಿಸಲು ಉಳಿಯುವುದು ಒಂಬತ್ತು ಜನ, ಎದುರಿಗೆ ಹನ್ನೊಂದು. ಕ್ವಾರ್ಟರ್‌ಬ್ಯಾಕ್ ತಾನೇ ಓಡಿದರೆ ಹತ್ತು ಜನ ಸಿಗುತ್ತಾರೆ. ಒಬ್ಬನೇ ಹೆಚ್ಚು, ಆದರೆ ಒಂದೆರಡು ಗಜ ಬೇಕಾದಾಗ ಆ ಒಬ್ಬನೇ ಇಡೀ ವ್ಯತ್ಯಾಸ. ಕಬಡ್ಡಿಯಲ್ಲಿ ಆರು ಜನರ ಎದುರು ದಾಳಿಗೆ ಹೋಗುವುದಕ್ಕೂ ಏಳು ಜನರ ಎದುರು ಹೋಗುವುದಕ್ಕೂ ಇರುವ ಅಂತರ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತರಬೇತುದಾರ ಅರ್ಬನ್ ಮೇಯರ್ ಕಟ್ಟಿದ ಸ್ಪ್ರೆಡ್ ಆಪ್ಷನ್ ಪದ್ಧತಿಯ ಜೀವ ಇದೇ ಲೆಕ್ಕ. ಆಟಗಾರರನ್ನು ಮೈದಾನದ ಉದ್ದಗಲಕ್ಕೂ ಹರಡಿ ನಿಲ್ಲಿಸಿ, ನಡುವೆ ತೆರವಾದ ಜಾಗಕ್ಕೆ ನೂರೇಳು ಕಿಲೋದ ಮನುಷ್ಯನೊಬ್ಬನನ್ನು ನುಗ್ಗಿಸುವುದು. ಓಡಬಲ್ಲ ಕ್ವಾರ್ಟರ್‌ಬ್ಯಾಕ್‌ಗಳು ಆ ಕಾಲದಲ್ಲೂ ಬೇಕಾದಷ್ಟು ಇದ್ದರು. ನಾಲ್ಕು ಋತು ಹೀಗೆ ಪೆಟ್ಟು ತಿಂದು, ಮರುವಾರ ಮತ್ತೆ ಎದ್ದು ಬರುವ ಮೈಕಟ್ಟು ಇದ್ದವರು ವಿರಳ. 2007ರಲ್ಲಿ ಫ್ಲಾರಿಡಾ ಸ್ಟೇಟ್ ಎದುರು ಬಲಗೈ ಮೂಳೆ ಮುರಿದ ಮೇಲೂ ಆಡಿದ. ಅವನು ಎಸೆಯುವುದು ಎಡಗೈಯಲ್ಲಿ, ಅಷ್ಟು ಪುಣ್ಯ.

ಎಂಡ್‌ಜೋನ್ ಹತ್ತಿರ ಇವನು ಓಡುವ ಭಯಕ್ಕೆ ರಕ್ಷಕರೆಲ್ಲ ಮುಂದಕ್ಕೆ ನುಗ್ಗಿ ಬರುತ್ತಾರೆ. ಆಗ ಎರಡು ಹೆಜ್ಜೆ ಓಡಿ, ಗಾಳಿಗೆ ಹಾರಿ, ಅವರ ತಲೆಯ ಮೇಲಿಂದ ಚೆಂಡನ್ನು ಮೆಲ್ಲನೆ ದಾಟಿಸುತ್ತಿದ್ದ. 2006ರಲ್ಲಿ, ಇನ್ನೂ ಕ್ರಿಸ್ ಲೀಕ್‌ನ ಹಿಂದೆ ಎರಡನೆಯ ಆಳಾಗಿದ್ದಾಗ, ಎಲ್‌ಎಸ್‌ಯು ಎದುರು ಈ ಹಾರುವ ಪಾಸ್ ತೋರಿಸಿದ. ಎರಡು ವರ್ಷದ ಮೇಲೆ ಒಕ್ಲಹೋಮಾ ಎದುರಿನ ಚಾಂಪಿಯನ್‌ಶಿಪ್ ಪಂದ್ಯದ ಕೊನೆಯ ಟಚ್‌ಡೌನ್ ಬಂದದ್ದೂ ಇದರಲ್ಲೇ. ಎಲ್ಲರಿಗೂ ಗೊತ್ತಿದ್ದ ತಂತ್ರ, ಆದರೂ ನಡೆಯಿತು. ಓಟದ ಭಯ ನಿಜವಾಗಿದ್ದರಿಂದ ನಡೆಯಿತು. ಕಾಲೇಜಿನಲ್ಲಿ ಅವನು ಓಡಿ ಗಳಿಸಿದ್ದು ಒಟ್ಟು 57 ಟಚ್‌ಡೌನ್. ಫ್ಲಾರಿಡಾ ಆಡುವ ಕಾಲೇಜುಗಳ ಗುಂಪಾದ ಆಗ್ನೇಯ ಒಕ್ಕೂಟದಲ್ಲಿ (ಎಸ್‌ಇಸಿ) ಹರ್ಷಲ್ ವಾಕರ್‌ನಂಥ ರನ್ನಿಂಗ್ ಬ್ಯಾಕ್ ಹೆಸರಲ್ಲಿದ್ದ 49ರ ದಾಖಲೆಯನ್ನು ಒಬ್ಬ ಕ್ವಾರ್ಟರ್‌ಬ್ಯಾಕ್ ಮುರಿದ. ಇದರ ಜೊತೆಗೆ ಪಾಸ್‌ನಲ್ಲಿ 88, ಎದುರಾಳಿಯ ಪಾಲಾದದ್ದು 16 ಮಾತ್ರ. ಆರಂಭಿಕನಾಗಿ 35 ಗೆಲುವು, 6 ಸೋಲು.

ಅಷ್ಟಾದರೂ ನಿಮ್ಮ ಕೈಗೆ ಕೊಡಲು ನನ್ನ ಬಳಿ ಅಸ್ತ್ರಗಳಿವೆ. ಮೊದಲನೆಯದು, ಒಕ್ಲಹೋಮಾ ಎದುರಿನ ಆ ಪಂದ್ಯ, 2009ರ ಜನವರಿ 8. ಎದುರಾಳಿ ಅದಕ್ಕೆ ಹಿಂದಿನ ಐದು ಪಂದ್ಯಗಳಲ್ಲೂ ಅರವತ್ತು ಅಂಕ ದಾಟಿದ್ದ ತಂಡ. ಅದನ್ನು ಹದಿನಾಲ್ಕಕ್ಕೆ ಕಟ್ಟಿಹಾಕಿದ್ದು ಟೀಬೋ ಅಲ್ಲ. ಬ್ರಾಂಡನ್ ಸ್ಪೈಕ್ಸ್, ಜೋ ಹೇಡನ್, ಕಾರ್ಲೋಸ್ ಡನ್ಲಪ್ ಇದ್ದ ರಕ್ಷಣಾ ಪಡೆ. ಟೀಬೋ ಅಂದು ಓಡಿ 109 ಗಜ ಗಳಿಸಿದ, ಸರಿ. ಎರಡು ಪಾಸ್‌ಗಳನ್ನು ಎದುರಾಳಿಯ ಕೈಗೂ ಕೊಟ್ಟ. ಸಹ ಆಟಗಾರ ಪರ್ಸಿ ಹಾರ್ವಿನ್ ಪೂರ್ತಿ ಗುಣವಾಗದ ಕಾಲಿನಲ್ಲಿ ಓಡಿ ಅವನಿಗಿಂತ ಹೆಚ್ಚು, 122 ಗಜ ತಂದ. 24–14ರ ಆ ಗೆಲುವನ್ನು ಒಬ್ಬನ ಹೆಗಲಿಗೆ ಏರಿಸುವುದು ಅನ್ಯಾಯ.

ಎರಡನೆಯದು 2009ರ ಋತು. ಹಾರ್ವಿನ್ ಎನ್‌ಎಫ್‌ಎಲ್‌ಗೆ ಹೋದ, ದಾಳಿಯ ಯೋಜನೆ ನೋಡಿಕೊಳ್ಳುತ್ತಿದ್ದ ಡ್ಯಾನ್ ಮಲೆನ್ ಮಿಸಿಸಿಪ್ಪಿ ಸ್ಟೇಟ್‌ಗೆ ಮುಖ್ಯ ತರಬೇತುದಾರನಾಗಿ ಹೋದ. ಟೀಬೋನ ಪಾಸ್ ಟಚ್‌ಡೌನ್‌ಗಳು 30ರಿಂದ 21ಕ್ಕೆ ಇಳಿದವು. ಒಕ್ಕೂಟದ ಅಂತಿಮ ಪಂದ್ಯದಲ್ಲಿ ಅಲಬಾಮಾ 32–13ಕ್ಕೆ ಬಗ್ಗುಬಡಿಯಿತು. ಬೆಂಚಿನ ಬಳಿ ಅವನು ಅತ್ತದ್ದನ್ನು ಟಿವಿಯವರು ತೋರಿಸಿದ್ದೇ ತೋರಿಸಿದ್ದು. ಅವನನ್ನು ಕಂಡರಾಗದವರು ಇವತ್ತಿಗೂ ಆ ಚಿತ್ರವನ್ನು ಹಂಚುತ್ತಾರೆ, ನನಗದು ಕ್ಷುಲ್ಲಕ ಎನಿಸುತ್ತದೆ. ಇದಕ್ಕೆ ಭಾವ ಎರಡು ಮಾತು ಹೇಳಬಹುದು. ಒಂದು, ಋತುವಿನ ಕೊನೆಯ ಪಂದ್ಯವಾದ ಶುಗರ್ ಬೌಲ್‌ನಲ್ಲಿ ಸಿನ್ಸಿನಾಟಿ ಎದುರು 35 ಎಸೆತದಲ್ಲಿ 31 ಗುರಿಮುಟ್ಟಿಸಿ 482 ಗಜ ಗಳಿಸಿದ್ದು. ಎರಡು, ಅವನು ಹೋದ ಮರುವರ್ಷ ಫ್ಲಾರಿಡಾ 8–5ಕ್ಕೆ ಕುಸಿದದ್ದು. ಎರಡನೆಯದಕ್ಕೆ ಮರುಳಾಗಬೇಡಿ. ಅವನ ಜೊತೆಗೇ ಸ್ಪೈಕ್ಸ್, ಹೇಡನ್, ಡನ್ಲಪ್, ಮಾರ್ಕೀಸ್ ಪೌನ್ಸಿ, ಆರನ್ ಹರ್ನಾಂಡಿಸ್ ಎಲ್ಲರೂ ಹೊರಟುಹೋದರು. ಮನೆಯ ಐದಾರು ಕಂಬ ಒಟ್ಟಿಗೆ ಕಿತ್ತ ಮೇಲೆ ಸೂರು ಇಳಿದದ್ದು ಯಾವ ಕಂಬ ಹೋಗಿದ್ದರಿಂದ ಎಂದು ಹೇಳುವುದು ಹೇಗೆ?

ಎನ್‌ಎಫ್‌ಎಲ್ ವಿಷಯಕ್ಕೆ ಬಂದರೆ, ಅದು ನಿಮ್ಮ ವಾದದ ಬಲ ಎಂದು ನೀವು ತಿಳಿದಿದ್ದೀರಿ; ನನ್ನ ಲೆಕ್ಕದಲ್ಲಿ ಅದೇ ಅದರ ದುರ್ಬಲ ಭಾಗ. ಕಾಲೇಜಿನಲ್ಲಿ ಅವನ ಪಾಸ್‌ಗಳು ನೂರಕ್ಕೆ 66ರಷ್ಟು ಗುರಿ ಮುಟ್ಟುತ್ತಿದ್ದವು. 2011ರಲ್ಲಿ ಡೆನ್ವರ್ ತಂಡಕ್ಕೆ ಆಡುವಾಗ ಅದು 46.5ಕ್ಕೆ ಬಿತ್ತು. ಕಾರಣ ಕಣ್ಣಿಗೆ ಕಾಣುವಂಥದ್ದೇ. ಎಸೆಯುವ ಮುನ್ನ ಚೆಂಡನ್ನು ಸೊಂಟದವರೆಗೆ ಇಳಿಸಿ ಬಾವಿಯ ರಾಟೆ ತಿರುಗಿಸಿದಂತೆ ತೋಳು ಸುತ್ತುತ್ತಿದ್ದ. ಕಾಲೇಜಿನಲ್ಲಿ ಚೆಂಡು ಹಿಡಿಯುವವನ ಸುತ್ತ ಎರಡು ಮೂರು ಗಜ ಬಯಲು ಇರುತ್ತದೆ, ಆ ವಿಳಂಬ ನಡೆಯುತ್ತದೆ. ಎನ್‌ಎಫ್‌ಎಲ್‌ನಲ್ಲಿ ತೋಳು ಮೇಲೇಳುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಮೈದಾನದ ಗೆರೆಗಳೂ ಬೇರೆ. ಪ್ರತಿ ಆಟ ಶುರುವಾಗುವ ಜಾಗವನ್ನು ಗುರುತಿಸುವ ಎರಡು ಹ್ಯಾಶ್ ಸಾಲುಗಳ ನಡುವೆ ಕಾಲೇಜಿನಲ್ಲಿ 40 ಅಡಿ, ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ ಅಡಿ. ಕಾಲೇಜಿನಲ್ಲಿ ಚೆಂಡು ಒಂದು ಅಂಚಿಗೆ ಸರಿದಾಗ ಇನ್ನೊಂದು ಬದಿ ಗದ್ದೆಯಂತೆ ತೆರೆದುಕೊಳ್ಳುತ್ತದೆ, ಓಡುವ ಕ್ವಾರ್ಟರ್‌ಬ್ಯಾಕ್‌ಗೆ ಅದು ವರ. ಆ ಗದ್ದೆಯಲ್ಲಿ ಬೆಳೆ ತೆಗೆದವನನ್ನು ತಾರಸಿಯ ಕುಂಡದಲ್ಲಿ ಯಾಕೆ ಬೆಳೆಯಲಿಲ್ಲ ಎಂದು ಕೇಳಬಾರದು. ಇಷ್ಟರ ನಡುವೆಯೂ ಡೆನ್ವರ್ ಅನ್ನು ಪ್ಲೇಆಫ್‌ಗೆ ಕರೆದೊಯ್ದು, ಪಿಟ್ಸ್‌ಬರ್ಗ್ ಎದುರು ಹೆಚ್ಚುವರಿ ಅವಧಿಯ ಮೊದಲ ಆಟದಲ್ಲೇ ಡೆಮೇರಿಯಸ್ ಥಾಮಸ್‌ಗೆ 80 ಗಜದ ಪಾಸ್ ಕೊಟ್ಟು ಗೆಲ್ಲಿಸಿದ. ಮುಂದಿನ ವಾರ ನ್ಯೂ ಇಂಗ್ಲೆಂಡ್ 45–10ಕ್ಕೆ ನೆಲಕ್ಕೆ ತಂದಿತು, ಅದೂ ನಿಜ.

ನಮ್ಮಲ್ಲಿ ಅಮೋಲ್ ಮುಜುಂದಾರ್ ಪ್ರಥಮ ದರ್ಜೆಯಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ರನ್ ಗಳಿಸಿಯೂ ಭಾರತಕ್ಕೆ ಆಡಲಿಲ್ಲ. ಅದಕ್ಕಾಗಿ ಆ ರನ್‌ಗಳು ಸುಳ್ಳು ಎಂದವರನ್ನು ನಾನು ಕಂಡಿಲ್ಲ.

ಹಾಗಾದರೆ ಭಾವನ ಮಾತು ಪೂರ್ತಿ ಸರಿಯೇ? ಅಲ್ಲ. ‘ಹಿಂದೆ ಹುಟ್ಟಿಲ್ಲ’ ಎಂಬಲ್ಲಿ ಅವರನ್ನು ಹಿಡಿಯಿರಿ. ನೆಬ್ರಾಸ್ಕಾದ ಟಾಮಿ ಫ್ರೇಜರ್ 1994, 1995, ಎರಡೂ ವರ್ಷ ರಾಷ್ಟ್ರೀಯ ಚಾಂಪಿಯನ್. ಎರಡನೆಯ ಸಲ ಫೈನಲ್‌ನಲ್ಲಿ 62–24ಕ್ಕೆ ಮಣ್ಣು ಮುಕ್ಕಿಸಿದ್ದು ಬೇರೆ ಯಾರನ್ನೂ ಅಲ್ಲ, ಇದೇ ಫ್ಲಾರಿಡಾವನ್ನು. ಅಂದು ಅವನೊಬ್ಬನೇ ಓಡಿದ್ದು 199 ಗಜ. ಅವನು ಎನ್‌ಎಫ್‌ಎಲ್‌ನಲ್ಲಿ ಒಂದೂ ಪಂದ್ಯ ಆಡಲಿಲ್ಲ, ಹೈಸ್ಮನ್ ಕೂಡ ಸಿಗಲಿಲ್ಲ. ಫ್ಲಾರಿಡಾದವರ ಎದುರು ಈ ಹೆಸರು ಎತ್ತಿದರೆ ಮಾತು ಒಂದು ಕ್ಷಣ ನಿಲ್ಲುತ್ತದೆ, ನಾನು ಪ್ರಯೋಗ ಮಾಡಿ ನೋಡಿದ್ದೇನೆ. ‘ಮುಂದೆ ಹುಟ್ಟುವುದಿಲ್ಲ’ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2007 ಮತ್ತು 2008ರಲ್ಲಿ ಟೀಬೋನ ಹಿಂದೆ ಬೆಂಚಿನಲ್ಲಿ ಕೂತಿದ್ದ ಹುಡುಗ ಕ್ಯಾಮ್ ನ್ಯೂಟನ್. ಫ್ಲಾರಿಡಾ ಬಿಟ್ಟು ಹೋಗಿ, 2010ರಲ್ಲಿ ಆಬರ್ನ್‌ಗೆ ಪಾಸ್‌ನಲ್ಲಿ 30, ಓಟದಲ್ಲಿ 20 ಟಚ್‌ಡೌನ್ ತಂದು, ಒಂದೂ ಪಂದ್ಯ ಸೋಲದೆ ಚಾಂಪಿಯನ್ ಆದ, ಹೈಸ್ಮನ್ ಗೆದ್ದ, 2015ರಲ್ಲಿ ಎನ್‌ಎಫ್‌ಎಲ್‌ನ ಅತ್ಯಮೂಲ್ಯ ಆಟಗಾರನೂ ಆದ. ಒಂದೇ ಒಂದು ಋತುವನ್ನು ತಕ್ಕಡಿಗೆ ಹಾಕುವುದಾದರೆ ನಾನು ನ್ಯೂಟನ್‌ನ 2010ನ್ನೇ ಮೇಲೆ ಇಡುತ್ತೇನೆ. ಮೂರು ಋತುವನ್ನು ಒಟ್ಟಿಗೆ ತೂಗಿದರೆ ಟೀಬೋ. ಸಾರ್ವಕಾಲಿಕ ಮೊದಲ ಐವರಲ್ಲಿ ಅವನಿಗೆ ಜಾಗ ಕೊಡುತ್ತೇನೆ, ಮೊದಲ ಕುರ್ಚಿಯನ್ನು ಮಾತ್ರ ಕೊಡುವುದಿಲ್ಲ. ಅವನ ದೈವಭಕ್ತಿಯನ್ನು ನೋಡಿ ಹೊಗಳಿದವರನ್ನೂ, ಅದೇ ಕಾರಣಕ್ಕೆ ತೆಗಳಿದವರನ್ನೂ ನಾನು ಈ ಲೆಕ್ಕಕ್ಕೆ ಸೇರಿಸಿಲ್ಲ. ಎರಡೂ ಕಡೆಯವರು ಆಟ ನೋಡಿದ್ದು ಕಡಿಮೆ.

ದಸರೆಗೆ ಮುಂಚೆ ನಿಮಗೆ ಸಮಯವಿದೆ. ಮೂರು ಪಂದ್ಯ ಹುಡುಕಿ ನೋಡಿ, ತುಣುಕುಗಳನ್ನಲ್ಲ, ಪೂರ್ತಿ. ಮೊದಲು 2008ರ ಡಿಸೆಂಬರ್‌ನಲ್ಲಿ ಅಲಬಾಮಾ ಎದುರಿನ ಒಕ್ಕೂಟದ ಅಂತಿಮ ಪಂದ್ಯ. ಗಾಯದಿಂದ ಹಾರ್ವಿನ್ ಇಲ್ಲ, ಕೊನೆಯ ಕ್ವಾರ್ಟರ್ ಶುರುವಾದಾಗ ಫ್ಲಾರಿಡಾ 20–17ರ ಹಿನ್ನಡೆಯಲ್ಲಿದೆ. ಅಲ್ಲಿಂದ 31–20ಕ್ಕೆ ಹೋದ ಎರಡು ದಾಳಿಗಳಲ್ಲಿ ಮೂರನೆಯ ಡೌನ್ ಬಂದಾಗಲೆಲ್ಲ ಚೆಂಡು ಯಾರ ಕೈಯಲ್ಲಿದೆ ಎಂದು ಬರೆದಿಟ್ಟುಕೊಳ್ಳಿ. ನನ್ನ ಮಟ್ಟಿಗೆ ಅವನ ಅತ್ಯುತ್ತಮ ಹದಿನೈದು ನಿಮಿಷ ಅದೇ. ಆಮೇಲೆ ಒಕ್ಲಹೋಮಾ ಪಂದ್ಯ; ಅದರಲ್ಲಿ ಚೆಂಡನ್ನು ಬಿಟ್ಟು ರಕ್ಷಣಾ ಪಡೆಯನ್ನು ನೋಡಿ. ಮೂರನೆಯದು ಓಲ್ ಮಿಸ್.

2009ರ ಅಲಬಾಮಾ ಪಂದ್ಯವನ್ನು ಭಾವನ ಮುಂದೆ ಹಾಕಲೇಬೇಕು ಎನಿಸಿದರೆ ಊಟಕ್ಕೆ ಮೊದಲು ಮಾತ್ರ ಬೇಡ. ಅಕ್ಕ ನಿಮ್ಮನ್ನು ಬೈಯುತ್ತಾರೆ.