ಹತ್ತು ಥ್ಯಾಂಕ್ಸ್ ಯಾಕೆ, ಒಂದು ಸಾಲದಾ?

ನಿಮ್ಮ ಪತ್ರ ಎರಡು ಸಲ ಓದ್ದೆ. ಮೂರು ವಾರದಿಂದ ದಿನಾ ರಾತ್ರಿ ಕಣ್ಮುಚ್ಚಿ ಧ್ಯಾನಕ್ಕೆ ಕೂತು ಹತ್ತು ವಿಷಯಕ್ಕೆ ಮನಸಲ್ಲೇ ಥ್ಯಾಂಕ್ಸ್ ಹೇಳ್ತಿದೀರಿ, ಆದ್ರೂ ಆಫೀಸಿನ ಟೆನ್ಷನ್ ಒಂಚೂರೂ ಇಳಿದಿಲ್ಲ, ನಿದ್ದೆನೂ ಇಲ್ಲ, ಅದರ ಮೇಲೆ "ಇಷ್ಟೆಲ್ಲ ಇದ್ದೂ ನೆಮ್ಮದಿ ಇಲ್ಲ ಅಂದ್ರೆ ನನಗೇ ಕೃತಜ್ಞತೆ ಇಲ್ವೇನೋ" ಅನ್ನೋ ಹೊಸ ಕೊರಗು ಬೇರೆ ಅಂಟ್ಕೊಂಡಿದೆ ಅಂತ ಬರ್ದಿದೀರಿ. ಆಮೇಲೆ ಒಂದು ಸಾಲು, "ಐದನೇದು ದಾಟಿದ ಮೇಲೆ ಹಾಜರಿ ಕೂಗೋ ಮೇಷ್ಟ್ರ ಥರ ಆಗ್ಬಿಡ್ತೀನಿ." ಕ್ಷಮಿಸಿ, ನಕ್ಕುಬಿಟ್ಟೆ, ಆದ್ರೆ ನೀವು ಕೇಳಿದ್ದಕ್ಕೆ ಅರ್ಧ ಉತ್ತರ ಆ ಸಾಲಲ್ಲೇ ಇದೆ.

ಈ ಹತ್ತರ ಲೆಕ್ಕ ಯಾರು ಹೇಳಿದ್ರೋ. ಕೃತಜ್ಞತೆ ಬಗ್ಗೆ ಎಲ್ಲರೂ ಎತ್ತಿ ಹೇಳೋ ಸಂಶೋಧನೆ ಒಂದಿದೆ, ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲಾ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ್ದು. ಅದರ ಮೊದಲ ಪ್ರಯೋಗದಲ್ಲಿ ವಿದ್ಯಾರ್ಥಿಗಳನ್ನ ಮೂರು ಗುಂಪು ಮಾಡಿ, ಒಂದು ಗುಂಪಿಗೆ ಥ್ಯಾಂಕ್ಸ್ ಹೇಳ್ಬೇಕು ಅನ್ನಿಸಿದ ಸಂಗತಿ, ಇನ್ನೊಂದಕ್ಕೆ ಕಿರಿಕಿರಿ, ಮತ್ತೊಂದಕ್ಕೆ ಸುಮ್ನೆ ನಡೆದ ಘಟನೆ ಬರೀರಿ ಅಂದ್ರು. ಕೃತಜ್ಞತೆ ಗುಂಪಿನವರಿಗೆ ತಮ್ಮ ಬದುಕು ಹೆಚ್ಚು ಹಿತವಾಗಿ ಕಾಣ್ತಿತ್ತಂತೆ. ಆದ್ರೆ ಅವರು ಬರ್ದಿದ್ದು ವಾರಕ್ಕೆ ಒಂದೇ ಸಲ, ಅದೂ ಹೆಚ್ಚಂದ್ರೆ ಐದು ಸಂಗತಿ! ದಿನಾ ಹತ್ತು ಅಂದ್ರೆ ಎಂಥಾ ಸಂಗತಿನೂ ಸವೆದುಹೋಗುತ್ತೆ. ಸೆಂಟ್ ಹಾಕ್ಕೊಂಡ ಸ್ವಲ್ಪ ಹೊತ್ತಿಗೆ ನಮ್ಮ ಮೂಗಿಗೇ ಅದು ಗೊತ್ತಾಗಲ್ವಲ್ಲ, ಮನಸ್ಸೂ ಹಾಗೇ.

ಕೊರಗಿನ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನನಗೆ ಚುಚ್ಚಿದ್ದು ಅದೇ. "ಎಷ್ಟೋ ಜನಕ್ಕೆ ಇಷ್ಟೂ ಇಲ್ಲ" ಅಂತ ಯೋಚಿಸೋದು ಕೃತಜ್ಞತೆ ಅಲ್ಲ, ಅದು ಹೋಲಿಕೆ, ಅದರಿಂದ ಹುಟ್ಟೋದು ಸಾಲಗಾರನ ಮನಸ್ಥಿತಿ. ಪಾಲಿಗೆ ಬಂದದ್ದು ಪಂಚಾಮೃತ ಅನ್ನೋ ಮಾತನ್ನ ಬಾಯಿ ಮುಚ್ಚಿಸೋಕೆ ಬಳಸೋರು ಬೇಕಾದಷ್ಟು ಜನ ಇದಾರೆ, ನೀವು ಅದನ್ನ ನಿಮ್ಮ ಮೇಲೇ ಬಳಸ್ಬೇಡಿ. ರಾತ್ರಿ ಹತ್ತಕ್ಕೆ ಕೆಲಸ ಹಚ್ಚೋ ಮ್ಯಾನೇಜರ್ ಮೇಲೆ ಸಿಟ್ಟು ಬಂದ್ರೆ ಆ ಸಿಟ್ಟು ಸರಿಯಾಗೇ ಇದೆ, ಧ್ಯಾನ ಮಾಡಿ ಅದನ್ನ ಕರಗಿಸ್ಬೇಕಿಲ್ಲ, ಮಾರನೇ ದಿನ ಆಫೀಸಲ್ಲಿ ಮಾತಾಡ್ಬೇಕು.

ನನ್ನದೇ ಒಂದು ಹೇಳ್ತೀನಿ. ಒಂದ್ಸಲ ಸಂಚಿಕೆ ಪ್ರಿಂಟಿಗೆ ಹೋಗೋ ರಾತ್ರಿ, ನಮ್ಮ ಪ್ರೂಫ್ ನೋಡೋರು ಮನೆಗೆ ಹೊರಟವರು ಬಾಗಿಲಲ್ಲಿ ನಿಂತು, ಬ್ಯಾಗ್ ಕೆಳಗಿಟ್ಟು, ಯಾಕೋ ಮತ್ತೊಂದ್ಸಲ ನೋಡ್ತೀನಿ ಅಂತ ವಾಪಸ್ ಬಂದ್ರು. ಮುಖಪುಟದ ಹೆಡ್ಡಿಂಗಲ್ಲೇ ನಾನು ತಪ್ಪು ಬಿಟ್ಟಿದ್ದೆ. ಆವತ್ತು ಕೂತಾಗ ಹತ್ತು ಹುಡುಕಲಿಲ್ಲ, ಅವರು ಬ್ಯಾಗ್ ಕೆಳಗಿಟ್ಟ ಆ ಒಂದು ಕ್ಷಣ ಮಾತ್ರ ನೋಡ್ದೆ, ಆಮೇಲೆ ಅವರು ಬ್ಯಾಗ್ ಇಡದೇ ಹಾಗೇ ಹೋಗಿದ್ರೆ ಅಂತ ಊಹಿಸ್ಕೊಂಡೆ, ಎದೆ ಧಸಕ್ ಅಂತು, ಮರುಕ್ಷಣ ಏನೋ ಸಡಿಲ ಆಯ್ತು. ಹೀಗೆ ಒಳ್ಳೇದು ಆಗದೇ ಇದ್ದಿದ್ರೆ ಅಂತ ಕಲ್ಪಿಸ್ಕೊಳ್ಳೋದನ್ನ 2008ರಲ್ಲಿ ಸಂಶೋಧಕರು ಪರೀಕ್ಷಿಸಿದ್ರು, ಸುಮ್ನೆ ನೆನೆಸ್ಕೊಳ್ಳೋದಕ್ಕಿಂತ ಅದೇ ಹೆಚ್ಚು ಖುಷಿ ಕೊಟ್ಟಿತ್ತು.

ಹಾಗಾಗಿ ನೀವೂ ಇವತ್ತಿನದೇ ಒಂದು ಸಂಗತಿ ಹಿಡೀರಿ, ಯಾರು ಮಾಡಿದ್ರು, ಅದಕ್ಕೆ ಅವರು ಏನು ಬಿಟ್ಟುಕೊಟ್ರು, ಅಷ್ಟರಲ್ಲೇ ಸುತ್ತಾಡಿ. ಮುಂಚೆ ಎರಡು ಮೂರು ನಿಮಿಷ ಉಸಿರು. ನಾಲ್ಕು ಎಣಿಸೋವಷ್ಟು ಒಳಗೆ, ಆರು ಎಣಿಸೋವಷ್ಟು ಹೊರಗೆ. ಉಸಿರು ಬಿಡುವಾಗ, ಮಿದುಳಿಂದ ಹೃದಯಕ್ಕೆ ಹೋಗೋ ವೇಗಸ್ ಅನ್ನೋ ನರದ ಮೂಲಕ ಹೃದಯದ ಬಡಿತ ಸ್ವಲ್ಪ ನಿಧಾನ ಆಗುತ್ತೆ. ಉಸಿರು ಮೊದಲು ಯಾಕಂದ್ರೆ, ಟೆನ್ಷನ್ ಆದಾಗ ಹೆಚ್ಚಾಗೋ ಹಾರ್ಮೋನ್ ಅಡ್ರಿನಾಲಿನ್ ಏರಿ ಡವಡವ ಅನ್ನೋ ಎದೆಗೆ ಥ್ಯಾಂಕ್ಸ್ ಹೇಳು ಅಂದ್ರೆ ಅದು ಕೇಳಲ್ಲ. ಏನೂ ಅನ್ನಿಸ್ಲಿಲ್ವಾ, ಎದ್ದು ಹೋಗಿ, ಬಲವಂತ ಬೇಡ. ವಾರಕ್ಕೆ ಒಂದು ಅಥವಾ ಎರಡು ದಿನ ಸಾಕು.

ಇದರಿಂದ ಎಲ್ಲ ಸರಿಹೋಗುತ್ತೆ ಅಂತ ನಾನು ಬರೆಯಲ್ಲ. 2014ರಲ್ಲಿ 47 ಪ್ರಯೋಗಗಳನ್ನ ಒಟ್ಟಿಗೆ ಇಟ್ಟು ನೋಡಿದ ಒಂದು ವಿಮರ್ಶೆಯಲ್ಲಿ, ಧ್ಯಾನದಿಂದ ಆತಂಕ, ಖಿನ್ನತೆ ತಕ್ಕಮಟ್ಟಿಗೆ ಇಳಿಯುತ್ತೆ, ಒತ್ತಡದ ಬಗ್ಗೆ ಮಾತ್ರ ಪುರಾವೆ ಇನ್ನೂ ತೆಳು ಅಂತ ಬಂತು. ನಿದ್ದೆ ಇಲ್ಲದೆ ಮೂರು ವಾರ ಅಂದ್ರೆ ಒಂದ್ಸಲ ಡಾಕ್ಟರನ್ನೂ ನೋಡಿ, ಮುಂದೂಡ್ಬೇಡಿ.

ಕೊನೇಲಿ ಕೇಳಿದೀರಿ, ಕಣ್ಣು ಮುಚ್ಚಲೇಬೇಕಾ ಅಂತ. ನಾನಂತೂ ಮುಚ್ಚಲ್ಲ, ಮುಚ್ಚಿದ್ರೆ ನಿದ್ದೆ ಬಂದ್ಬಿಡುತ್ತೆ. ನಿಮಗೆ ಬೇಕಿರೋದೇ ಅದಾಗಿರೋದ್ರಿಂದ, ಮುಚ್ಚೇ ಕೂತ್ಕೊಳ್ಳಿ.