ಹೂ ಬಿಟ್ಟ ಕಾಂಗ್ರೆಸ್ ಕಸಕ್ಕೆ ಬ್ರಶ್ ಕಟರ್ ಹಾಕಬೇಡಿ

ಬದುವಿನ ತುಂಬ ಬೆಳ್ಳಗೆ ಹೂ ಬಿಟ್ಟ ಪಾರ್ಥೇನಿಯಂ, ಅಂದ್ರೆ ಕಾಂಗ್ರೆಸ್ ಕಸದ ಫೋಟೊ ಹಾಕಿ, "ಭಾನುವಾರ ಬ್ರಶ್ ಕಟರ್ ಹೊಡೆಸಿ ತಿಪ್ಪೆಗೆ ಹಾಕ್ತೀನಿ, ಚಿಗುರಿದರೆ ರೌಂಡಪ್ ಕಳೆನಾಶಕ" ಅಂದಿದ್ದೀರಿ. ದಯವಿಟ್ಟು ಬೇಡ ಸರ್, ನಾನೂ ಮಾಡಿ ಕೆಟ್ಟಿರೋ ಕೆಲಸ ಇದು. ಕಟರ್ ನೆಲದಿಂದ ಎರಡು ಇಂಚು ಮೇಲೆ ಕೊಯ್ಯುತ್ತೆ, ಬುಡದಲ್ಲಿ ಚಿಗುರೊಡೆಯೋ ಕಣ್ಣು ಹಾಗೇ ಉಳಿಯುತ್ತೆ. ಒಂದು ಕಾಂಡ ಇದ್ದ ಕಡೆ ನಾಲ್ಕೈದು ಚಿಗುರು, ಗೇಣುದ್ದಕ್ಕೇ ಮತ್ತೆ ಹೂ. ಒಂದು ಗಿಡದಲ್ಲಿ 15-25 ಸಾವಿರ ಬೀಜ. ಬಲಿತಿದ್ದರೆ ನೀವೇ ಎರಚಿದಂಗೆ. ತಿಪ್ಪೆಗೆ ಬಿದ್ದದ್ದು ಗೊಬ್ಬರದ ಜೊತೆ ಹೊಲಕ್ಕೆಲ್ಲ ಹೋಗುತ್ತೆ.

ಕೀಳೋದೇ ಸರಿ, ಆದರೆ ಹದ ನೋಡಿ. ಮಳೆ ಬಿದ್ದ ಮಾರನೇ ದಿನ ಬುಡಕ್ಕೆ ಕೈ ಹಾಕಿ ನೇರ ಎಳೆದರೆ ತಾಯಿಬೇರು ಬೆಳ್ಳಗೆ ಪೂರ್ತಿ ಬರುತ್ತೆ. ಒಣ ನೆಲದಲ್ಲಿ ಕುತ್ತಿಗೆಯಲ್ಲೇ ಪಟ್ ಅಂತ ಮುರಿಯುತ್ತೆ, ಅದೂ ಕಟರ್ ಹೊಡೆದಂಗೇ. ಆಗ ಕುಡುಗೋಲು ಬೇಡ, ಗುದ್ದಲಿಯಲ್ಲಿ ಎರಡು ಇಂಚು ಕೆಳಗೆ ಕಡಿಯಿರಿ. ಈಗ ಹೂ ಇರೋದನ್ನ ಟಾರ್ಪಾಲಿಗೆ ಹಾಕಿ ಒಂದೇ ಕಡೆ ಒಣಗಿಸಿ ಸುಡಿ, ಹೊಲದ ಮೇಲೆ ಎಳೆದಾಡಬೇಡಿ. ಮತ್ತೆ ಹುಟ್ಟೋದು ಗಜ್ಜರಿ ಎಲೆ ಥರ ನೆಲಕ್ಕೆ ಅಂಟಿಕೊಂಡಿರುವಾಗಲೇ ಕಿತ್ತುಬಿಡಿ. ಹೂ ಬಾರದ ಗಿಡ ಮಾತ್ರ ಗೊಬ್ಬರದ ಗುಂಡಿಗೆ. ಮುಂಗಾರಿನಲ್ಲಿ ಮೂರು ವಾರಕ್ಕೊಂದು ಸುತ್ತು, ಕನಿಷ್ಠ ಮೂರು ಸುತ್ತು. ಗ್ಲೌಸ್, ತುಂಬು ತೋಳಿನ ಅಂಗಿ ಇಲ್ಲದೆ ಆಳುಗಳನ್ನ ಬಿಡಬೇಡಿ. ಇದರ ಅಲರ್ಜಿ ಒಮ್ಮೆ ಹತ್ತಿದರೆ ಬಿಡಲ್ಲ.

ಔಷಧಿ ಹೊಡೆಯಲೇಬೇಕು ಅಂದ್ರೆ ಹೂವಿಗೆ ಮುಂಚೆ, ಎಲೆ ಹಸಿರಾಗಿ ಸೊಕ್ಕಿರುವಾಗ. ರೌಂಡಪ್ಪೋ ಗ್ಲೈಸೆಲ್ಲೋ ಅನ್ನೋ ಜಗಳ ಬೇಡ, 41% ಅಂತ ಇದ್ದರೆ ಎರಡರಲ್ಲೂ ಇರೋ ಕಳೆನಾಶಕ ಗ್ಲೈಫೋಸೇಟೇ. ಲೀಟರಿಗೆ 10 ಮಿಲಿ, 15 ಲೀಟರ್ ಟ್ಯಾಂಕಿಗೆ 150 ಮಿಲಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಟ್ಯಾಂಕಿಗೆ ಮೊದಲು 300 ಗ್ರಾಂ ಅಮೋನಿಯಂ ಸಲ್ಫೇಟ್ ಗೊಬ್ಬರ ಕರಗಿಸಿ, ಆಮೇಲೆ ಔಷಧಿ. ಕೆರೆಯ ಕೆಸರು ನೀರು ಬೇಡವೇ ಬೇಡ, ಮಣ್ಣಿನ ಕಣ ಔಷಧಿಯನ್ನ ಹಿಡಿದುಕೊಂಡುಬಿಡುತ್ತೆ. ದೂಳು ಕೂತ ರಸ್ತೆ ಬದಿ ಗಿಡ ಸಾಯದೆ ಇರೋದೂ ಇದಕ್ಕೇ. ಪಕ್ಕದಲ್ಲಿ ಅಡಿಕೆ ಸಸಿ, ಬಾಳೆ ಕಂದು ಇದ್ದರೆ ನಾಜಲ್‌ಗೆ ಹುಡ್ (ಔಷಧಿ ಪಕ್ಕಕ್ಕೆ ಹಾರದಂತೆ ತಡೆಯೋ ಮುಚ್ಚಳ) ಹಾಕದೆ ಪಂಪ್ ಮುಟ್ಟಬೇಡಿ. ಲೀಟರ್ ನೀರಿಗೆ 200 ಗ್ರಾಂ ಅಡುಗೆ ಉಪ್ಪು ಕರಗಿಸಿ ಹೊಡೆಯೋದು ರಸ್ತೆ ಬದಿಗೆ, ಪಾಳು ಜಾಗಕ್ಕೆ, ಬದುವಿಗಲ್ಲ.

ಎಲ್ಲಾ ಕಡೆ ಒಂದೇ ದಿನ ಔಷಧಿ ಹೊಡೆದು ಮುಗಿಸಬೇಡಿ. ಬೆಳ್ಳಗಿನ ಮೈ ಮೇಲೆ ಕಪ್ಪು ಅಂಕುಡೊಂಕು ಗೆರೆ ಇರೋ ದುಂಬಿ ಕಂಡರೆ ಅದು ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಲ್ಲಿ ಬಿಟ್ಟ ಮೆಕ್ಸಿಕನ್ ದುಂಬಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕಾಂಗ್ರೆಸ್ ಎಲೆಯನ್ನ ಕಡ್ಡಿ ಉಳಿಯುವಷ್ಟು ತಿನ್ನುತ್ತೆ. ಅದಿರೋ ಪಾಳು ಜಾಗ ಒಂದಿಷ್ಟು ಹಾಗೇ ಬಿಡಿ, ಕೀಟನಾಶಕ ಆ ಕಡೆ ಹಾರದಿರಲಿ. ನಿಮ್ಮಲ್ಲಿ ದುಂಬಿ ಇಲ್ಲದಿದ್ದರೆ, ಹೆಚ್ಚಿರೋ ಕಡೆಯಿಂದ 500-1000 ಹಿಡಿದು ತಂದು ಬಿಡಿ. ಬರೀ ದುಂಬಿ ನೆಚ್ಚಿಕೊಂಡು ಕೂರಬೇಡಿ, ಬೇಸಿಗೆ ಪೂರ್ತಿ ಅದು ಮಣ್ಣಲ್ಲಿ ಮಲಗಿರುತ್ತೆ.

ಕಿತ್ತ ಜಾಗ ಬೋಳಾಗಿ ಬಿಟ್ಟರೆ ಮಾಡಿದ್ದೆಲ್ಲ ದಂಡ. ಮುಂಗಾರಿಗೆ ಮುಂಚೆ ಬದುವಿಗೆ ತಗಚೆ ಬೀಜ ಚೆಲ್ಲಿ, ಒತ್ತಾಗಿ ಬಂದರೆ ಕಾಂಗ್ರೆಸ್‌ಗೆ ಬಿಸಿಲೇ ಸಿಗಲ್ಲ. ಹೊಲದಲ್ಲಿ ಅಪ್ಸೆಣಬು (ಹಸಿರೆಲೆ ಗೊಬ್ಬರದ ಬೆಳೆ) ಒತ್ತಾಗಿ ಬಿತ್ತಿ, ಎಕರೆಗೆ 15 ಕೆಜಿ ಬೀಜ.

ಇನ್ನೊಂದು, ಬಾಡಿಗೆ ಟ್ರ್ಯಾಕ್ಟರ್ ಬಂದರೆ ರೋಟವೇಟರ್, ಟೈರ್‌ಗೆ ಅಂಟಿದ ಮಣ್ಣು ಗೇಟಿನ ಹೊರಗೇ ಕೆರೆಸಿ, ಅದರಲ್ಲಿ ಈ ಕಸದ ಬೀಜ ಇರಬಹುದು. ಹಸುವಿನ ಹಾಲು ಕಹಿ ಅನ್ನಿಸಿದರೆ ಮೇವಿನ ಹೊರೆ ಬಿಚ್ಚಿ ನೋಡಿ, ಈ ಕಸ ಒಳಗಿರಬಹುದು.